ಕಪ್ಪು ಪರದೆಯಲ್ಲಿ ಉಳಿದ ಖಾತೆ

ಅಕ್ಕಿ ಗಿರಣಿಗೆ ಹೊಸ ಕಂಪ್ಯೂಟರ್ ಬಂದ ದಿನವೇ ಹಳೇ ಲೆಕ್ಕ ನಿಂತುಹೋಗುತ್ತದೆ. ಹಳೇ ಮಿಷಿನ್ನಿನಲ್ಲಿದ್ದುದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ತಂದು ಹೊಸದಕ್ಕೆ ಇಳಿಸಿ, ಇಷ್ಟು ವರ್ಷ ದಿನಾ ಬೆಳಿಗ್ಗೆ ತೆರೆಯುತ್ತಿದ್ದ ಅದೇ ಫೈಲನ್ನು ಒತ್ತಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ, ತಯಾರಿಸಿದವರನ್ನು ವಿಚಾರಿಸಿ ಎಂಬ ಸೂಚನೆ ಬರುತ್ತದೆ. ತಯಾರಿಸಿದವರೆಂದರೆ ಯಾರು? ತೊಂಬತ್ತರ ದಶಕದಲ್ಲಿ ಮಂಡ್ಯದಲ್ಲೋ ಮೈಸೂರಿನಲ್ಲೋ ಒಂದು ಕೋಣೆ ಬಾಡಿಗೆಗೆ ಹಿಡಿದು, ಮುಂದೆ ಕಂಪ್ಯೂಟರ್ ಕ್ಲಾಸು, ಹಿಂದೆ ಪ್ರೋಗ್ರಾಂ ಬರೆಯುವ ಕೆಲಸ ನಡೆಸುತ್ತಿದ್ದ ಹುಡುಗರು. ಅವರಲ್ಲಿ ಕೆಲವರು ಬೆಂಗಳೂರು ಸೇರಿದರು, ಕೆಲವರು ಬೇರೆ ಕಸುಬು ಹಿಡಿದರು, ಉಳಿದವರಿಗೆ ಈಗ ಅರವತ್ತರ ಹತ್ತಿರ ವಯಸ್ಸು.

‘ಸಾ, ಹೆಂಗಾರ ಮಾಡಿ ಓಡುಸ್ಕೊಡಿ, ಹಳೇ ಬಾಕಿಯೆಲ್ಲ ಅದ್ರೊಳಗೇ ಅದೆ.’ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಪೇಟೆ ಬೀದಿಗಳಲ್ಲಿ ಈ ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ. ಗೊಬ್ಬರದ ಅಂಗಡಿ, ಬೆಲ್ಲದ ಮಂಡಿ, ತೆಂಗಿನಕಾಯಿ ವ್ಯಾಪಾರ, ಗಿರವಿ ಅಂಗಡಿ, ಚೀಟಿ ನಡೆಸುವವರ ಮನೆ. ದೊಡ್ಡ ಕಂಪನಿಯ ಸಾಫ್ಟ್‌ವೇರು ಈ ಕಡೆ ತಲೆ ಹಾಕುವ ಮೊದಲೇ ಇವರಿಗೆಲ್ಲ ಫಾಕ್ಸ್‌ಪ್ರೊ, ಕ್ಲಿಪ್ಪರ್, ಡಿಬೇಸ್‌ಗಳಲ್ಲಿ ಬರೆದ ಸ್ವಂತ ಪ್ರೋಗ್ರಾಂ ಇತ್ತು. ಕಪ್ಪು ಅಥವಾ ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. 1 ಒತ್ತಿದರೆ ಖರೀದಿ, 2 ಒತ್ತಿದರೆ ಮಾರಾಟ, 3 ಒತ್ತಿದರೆ ಖಾತೆ.

ಈ ಪ್ರೋಗ್ರಾಂಗಳ ಬಗ್ಗೆ ನನಗೆ ಗೌರವವಿದೆ, ಅದಕ್ಕೆ ಕಾರಣವೂ ಇದೆ. ಬರೆದವನು ಅಂಗಡಿಗೆ ಬಂದು, ಲೆಕ್ಕ ಬರೆಯುವವರ ಪಕ್ಕ ಕೂತು, ಅವರ ಕೆಂಪು ಬಟ್ಟೆಯ ಪುಸ್ತಕ ನೋಡಿಕೊಂಡು ಬರೆದದ್ದು ಅದು. ರೈತ ಗೊಬ್ಬರ ಒಯ್ದು ಸುಗ್ಗಿಗೆ ದುಡ್ಡು ಕೊಡುತ್ತಾನೆ, ಅದರಲ್ಲೂ ಅರ್ಧ ಭತ್ತದ ರೂಪದಲ್ಲಿ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಜಮಾ ಎಂಬಲ್ಲಿ ರೂಪಾಯಿಗೊಂದು ಅಂಕಣ, ಮೂಟೆಗೊಂದು ಅಂಕಣ ಇಟ್ಟ. ಒಂದೇ ಊರಿನಲ್ಲಿ ಒಂದೇ ಹೆಸರಿನ ಹತ್ತು ಜನ ಇರುತ್ತಾರೆ ಎಂದು ತಂದೆಯ ಹೆಸರಿಗೂ, ಮನೆಯ ಅಡ್ಡಹೆಸರಿಗೂ ಜಾಗ ಬಿಟ್ಟ. ಇಂದು ದೂರದಲ್ಲಿ ಕೂತು ಮಾಡುವ ಬಿಲ್ಲಿಂಗ್ ಆ್ಯಪ್‌ಗಳಲ್ಲಿ ಈ ಅಡ್ಡಹೆಸರಿನ ಅಂಕಣ ನನಗೆ ಕಂಡಿಲ್ಲ.

ಜಾಗದ ಕೊರತೆಯೂ ಅಷ್ಟೇ ಇತ್ತು. ಇವು ಓಡುತ್ತಿದ್ದ ಡಾಸ್ ಎಂಬ ಹಳೇ ವ್ಯವಸ್ಥೆಯಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಚುಕ್ಕಿಯ ನಂತರ ಮೂರು. ತಾಲ್ಲೂಕಿಗೊಂದು ಫೈಲು ಮಾಡಹೊರಟರೆ, ಇಂಗ್ಲಿಷಿನಲ್ಲಿ 13 ಅಕ್ಷರದ ಶ್ರೀರಂಗಪಟ್ಟಣ ಎಂಟಕ್ಕೆ ಇಳಿದು ‘ಶ್ರೀರಂಗ’ ಎಂದು ದೇವರ ಹೆಸರಷ್ಟೇ ಉಳಿಯುತ್ತದೆ. ಹನ್ನೊಂದು ಅಕ್ಷರದ ಪಾಂಡವಪುರ ‘ಪಾಂಡವಪ್’ ಆಗುತ್ತದೆ, ನಾಗಮಂಗಲ ‘ನಾಗಮಂಗ್’ ಆಗುತ್ತದೆ. ಕೆ.ಆರ್. ಪೇಟೆಗೆ ಮಾತ್ರ ತೊಂದರೆಯಿಲ್ಲ. ಹೀಗೆ ಮೊಟಕಾದ ಹೆಸರುಗಳನ್ನು ನೋಡಿದ ಕೂಡಲೇ ಇದು ಯಾವ ಕಾಲದ ಫೈಲು ಎಂದು ಹೇಳಬಹುದು.

ಈ ಪೀಳಿಗೆಯ ಪ್ರೋಗ್ರಾಂಗಳಲ್ಲಿ ಲೋಕಕ್ಕೆಲ್ಲ ಗೊತ್ತಾದದ್ದು ನಮ್ಮ ಬೆಂಗಳೂರಿನದೇ ಒಂದು. ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆ ಕಟ್ಟಿದರು; ತಂದೆಯ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ಪ್ರೋಗ್ರಾಂ ಎಲ್ಲೂ ಸಿಗಲಿಲ್ಲವೆಂದು ಮಗನೇ ಬರೆದದ್ದು ಮುಂದೆ ಟ್ಯಾಲಿ ಆಯಿತು. ಟ್ಯಾಲಿ 4.5ರವರೆಗೆ ಅದೂ ಡಾಸ್ ಪ್ರೋಗ್ರಾಮೇ. ಟ್ಯಾಲಿಗೆ ಕಂಪನಿಯ ಬೆನ್ನಾಸರೆಯಿತ್ತು, ಅದು ವಿಂಡೋಸಿಗೆ ದಾಟಿತು. ಮಂಡಿಯ ಪ್ರೋಗ್ರಾಂಗೆ ಅಂಥ ಆಸರೆ ಇರಲಿಲ್ಲ. ತೆರಿಗೆಗೆ ಅಂಟಿಕೊಂಡಿದ್ದವು ಮೊದಲು ಬಿದ್ದವು: 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ ಒಂದಷ್ಟು, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಉಳಿದವು. ಕೈಗಡ, ಬಾಕಿ, ಚೀಟಿ, ಗಿರವಿಯ ಲೆಕ್ಕ ಇಟ್ಟವು ಮಾತ್ರ ಓಡುತ್ತಲೇ ಇದ್ದವು. ಆ ಲೆಕ್ಕದ ರೀತಿ ಬದಲಾಗಲೇ ಇಲ್ಲವಲ್ಲ.

ಹಾಗಾದರೆ ಹೊಸ ಮಿಷಿನ್ ಯಾಕೆ ಒಲ್ಲೆನ್ನುತ್ತದೆ? ಇದು ಕಂಪನಿಗಳ ವ್ಯಾಪಾರದ ತಂತ್ರ ಎಂದು ನಮ್ಮ ಕಡೆ ಅನೇಕರು ನಂಬಿದ್ದಾರೆ. ಕಾರಣ ಬೇರೆಯೇ, ಅದು ಪ್ರೊಸೆಸರಿನೊಳಗಿದೆ. ಡಾಸ್ ಪ್ರೋಗ್ರಾಂಗಳು 16 ಬಿಟ್ಟಿನವು. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರು, ದೊಡ್ಡ ವ್ಯವಸ್ಥೆಯೊಂದು ಓಡುತ್ತಿರುವಾಗಲೇ ಅದರ ಒಳಗೆ ಹಳೆಯ 8086ರಂತೆ ನಡೆದುಕೊಳ್ಳುವ ಒಂದು ರೀತಿಯನ್ನು ಕಲಿತಿತ್ತು. 1993ರ ವಿಂಡೋಸ್ ಎನ್‌ಟಿ ಅದನ್ನೇ ಬಳಸಿಕೊಂಡು ಎನ್‌ಟಿವಿಡಿಎಂ ಎಂಬ ಒಳಕೋಣೆ ಕಟ್ಟಿತು. ಎಕ್ಸ್‌ಪಿಯಲ್ಲಿ ಫಾಕ್ಸ್‌ಪ್ರೊ ಸರಾಗವಾಗಿ ಓಡಿದ್ದು ಆ ಕೋಣೆಯಿಂದ. 2003ರಲ್ಲಿ ಎಎಂಡಿ ಕಂಪನಿ 64 ಬಿಟ್ ಪ್ರೊಸೆಸರ್ ತಂದಾಗ, ಅದರ 64 ಬಿಟ್ ನಡೆಯಲ್ಲಿ ಈ ಹಳೇ ರೀತಿಯನ್ನು ಬಿಟ್ಟುಬಿಟ್ಟರು. ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಮೈಕ್ರೋಸಾಫ್ಟ್ 64 ಬಿಟ್ ವಿಂಡೋಸಿನಿಂದ ಆ ಕೋಣೆಯನ್ನೇ ತೆಗೆಯಿತು.

32 ಬಿಟ್ ವಿಂಡೋಸ್ 7, 32 ಬಿಟ್ ವಿಂಡೋಸ್ 10 ಇರುವವರೆಗೆ ಕೆಲಸ ನಡೆಯಿತು. ವಿಂಡೋಸ್ ವಿಸ್ಟಾದಿಂದಾಚೆ ಪರದೆ ತುಂಬ ಹಿಗ್ಗಿಸಲು ಬಿಡದು, ಚಿಕ್ಕ ಕಿಟಕಿಯಲ್ಲೇ ಕಣ್ಣು ಕಿರಿದು ಮಾಡಿ ನೋಡಬೇಕು ಎಂಬ ಗೊಣಗಾಟವಿತ್ತು, ಅಷ್ಟೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಈಗ ಅಂಗಡಿಗೆ ಹೋಗಿ ಹೊಸ ಮಿಷಿನ್ ತಂದರೆ ಅದರಲ್ಲಿ ಕಪ್ಪು ಪರದೆಗೆ ಜಾಗವಿಲ್ಲ. ಜಾಗವನ್ನು ನಾವೇ ಮಾಡಿಕೊಡಬೇಕು.

ಮಾಡಿಕೊಡಲು ದಾರಿಗಳಿವೆ. ಎಲ್ಲರೂ ಮೊದಲು ಹಿಡಿಯುವುದು ಡಾಸ್‌ಬಾಕ್ಸ್. ನೆದರ್‌ಲ್ಯಾಂಡ್ಸಿನ ಇಬ್ಬರು 2002ರಲ್ಲಿ ಹೊರತಂದ ಈ ಪ್ರೋಗ್ರಾಂ ಇಡೀ ಹಳೇ ಕಂಪ್ಯೂಟರನ್ನು, ಅಂದರೆ ಪ್ರೊಸೆಸರ್, ವಿಜಿಎ ಕಾರ್ಡ್, ಕೀಬೋರ್ಡ್, ಸದ್ದಿನ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ನಟಿಸುತ್ತದೆ. ಫೋಲ್ಡರನ್ನು ಸಿ ಡ್ರೈವ್ ಎಂದು ಮೌಂಟ್ ಮಾಡಿ ಹಳೇ ಹೆಸರು ಬಡಿದರೆ ಸಾಕು, ಮೆನು ಎದ್ದು ನಿಲ್ಲುತ್ತದೆ. ಆದರೆ ಅದನ್ನು ಕಟ್ಟಿದ್ದು ಆಟಗಳಿಗಾಗಿ. ಪ್ರಿಂಟರಿಗೆ ಕಳಿಸುವ ವ್ಯವಸ್ಥೆ ಅದರಲ್ಲಿಲ್ಲ. ಇಬ್ಬರು ಒಟ್ಟಿಗೆ ಒಂದೇ ಖಾತೆ ತೆರೆದಾಗ ಬೀಗ ಹಾಕಿಕೊಳ್ಳುವ ನಿಯಮವನ್ನೂ ನೆಚ್ಚಿಕೊಳ್ಳುವಂತಿಲ್ಲ. ಆಟದಲ್ಲಿ ಒಂದು ಅಂಕ ಹೋದರೆ ಹೋಯಿತು. ಗಿರವಿ ಖಾತೆಯಲ್ಲಿ ಹೋಗಬಾರದು. ವ್ಯಾಪಾರದ ಲೆಕ್ಕಕ್ಕೆಂದೇ ಮಾಡಿದ್ದು ವಿಡಾಸ್. ಡಾಸ್‌ಬಾಕ್ಸಿನ ಬುಡದಿಂದಲೇ ಬೆಳೆದ ಇದರ ಕರ್ತೃ ಯೋಸ್ ಸ್ಖಾರ್ಸ್ ಕೂಡ ಡಚ್ಚರೇ. ಕ್ಲಿಪ್ಪರ್, ಫಾಕ್ಸ್‌ಪ್ರೊ ಲೆಕ್ಕಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಡಾಸ್‌ಬಾಕ್ಸ್-ಎಕ್ಸ್ ಎಂಬ ಇನ್ನೊಂದು ಟಿಸಿಲೂ ಮುದ್ರಣ ಬಲ್ಲದು.

ಇನ್ನೂ ಗಟ್ಟಿಯಾದ ಉಪಾಯವೆಂದರೆ ವರ್ಚುವಲ್ ಮಿಷಿನ್ನಿನೊಳಗೆ ಫ್ರೀಡಾಸ್ ಹಾಕುವುದು. ಮೈಕ್ರೋಸಾಫ್ಟ್ ಡಾಸನ್ನು ಕೈಬಿಡುತ್ತದೆಂದು ತಿಳಿದು 1994ರಲ್ಲಿ ಜಿಮ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ಶುರು ಮಾಡಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಡಾಸ್ ಅದು. ಮೂಲ ಪ್ರೋಗ್ರಾಂನ ಪಿಆರ್‌ಜಿ ಫೈಲುಗಳು ಸಿಕ್ಕಿದರೆ ಭಾಗ್ಯವೇ ಸರಿ. ಕ್ಲಿಪ್ಪರ್ ಭಾಷೆಯನ್ನೇ ಅರ್ಥ ಮಾಡಿಕೊಳ್ಳುವ ಹಾರ್ಬರ್ ಎಂಬ ಮುಕ್ತ ಕಂಪೈಲರಿನಲ್ಲಿ ಅದನ್ನು ಮತ್ತೆ ಕಟ್ಟಿ, ಇವತ್ತಿನ ವಿಂಡೋಸಿನಲ್ಲೋ ಲಿನಕ್ಸಿನಲ್ಲೋ ನೇರವಾಗಿ ಓಡಿಸಬಹುದು. ಆದರೆ ಹತ್ತರಲ್ಲಿ ಒಂಬತ್ತು ಅಂಗಡಿಗಳಲ್ಲಿ ಉಳಿದಿರುವುದು ಇಎಕ್ಸ್‌ಇ ಮಾತ್ರ ಎಂಬುದು ನನ್ನ ಅಂದಾಜು.

ಓಡಿದ ಮೇಲೂ ಕೆಲವು ವಿಚಿತ್ರಗಳು ಎದುರಾಗುತ್ತವೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಂ ಶುರುವಾದ ಗಳಿಗೆಯಲ್ಲೇ ‘ರನ್‌ಟೈಮ್ ಎರರ್ 200’ ಎಂದು ಸಾಯುತ್ತದೆ. ಯಾಕೆಂದರೆ ಅದು ಮೊದಲು ಕಂಪ್ಯೂಟರಿನ ವೇಗ ಅಳೆಯುತ್ತದೆ: 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಎಣಿಸಬಹುದು ಎಂದು ನೋಡಿ, ಅದನ್ನು 55ರಿಂದ ಭಾಗಿಸಿ, 16 ಬಿಟ್ಟಿನ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರಿನಲ್ಲಿ ಆ ಉತ್ತರ ಜಾಗಕ್ಕೆ ಹಿಡಿಸುವುದಿಲ್ಲ. ಬರೆದವರು ಅಷ್ಟು ವೇಗದ ಕಾಲವನ್ನು ಊಹಿಸಿರಲಿಲ್ಲ. ಡಾಸ್‌ಬಾಕ್ಸಿನಲ್ಲಿ ವೇಗ ತಗ್ಗಿಸಿದರೆ ಅದು ಮತ್ತೆ ಬದುಕುತ್ತದೆ.

ಇಸವಿಯ ಪ್ರಶ್ನೆಯನ್ನೂ ಜನ ಕೇಳುತ್ತಾರೆ. ಪರದೆಯ ಮೇಲೆ ವರ್ಷಕ್ಕೆ ಎರಡೇ ಅಂಕೆ ಕಂಡರೂ, ಈ ಪ್ರೋಗ್ರಾಂಗಳು ಮಾಹಿತಿ ಇಡುವ ಡಿಬಿಎಫ್ ಫೈಲಿನ ತಾರೀಕಿನ ಅಂಕಣದಲ್ಲಿ ಅದು ಎಂಟು ಅಂಕೆಗಳಲ್ಲಿ, ವರ್ಷ ತಿಂಗಳು ದಿನ ಎಂದು ಪೂರ್ತಿಯಾಗಿಯೇ ಕೂತಿರುತ್ತದೆ. 2000ನೇ ಇಸವಿಯ ಭಯದಲ್ಲಿ ಅಂಗಡಿಯವರು ಕಂಗಾಲಾದಾಗ ಬಹಳ ಕಡೆ ಪ್ರೋಗ್ರಾಂಗೆ ಒಂದೆರಡು ಸಾಲು ಸೇರಿಸಿ ದಾಟಿಸಲು ಸಾಧ್ಯವಾದದ್ದು ಈ ಕಾರಣಕ್ಕೆ.

ಪ್ರಿಂಟರಿನದು ಬೇರೆಯೇ ಪುರಾಣ. ಹಳೇ ಪ್ರೋಗ್ರಾಂ ಎಲ್‌ಪಿಟಿ1 ಎಂಬ ಕಿಂಡಿಗೆ ಅಕ್ಷರಗಳನ್ನು ನೇರವಾಗಿ ಸುರಿಯುತ್ತದೆ. 15 ಎಂಬ ಸಂಕೇತ ಕಳಿಸಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಅಕ್ಷರವನ್ನು ಒತ್ತಾಗಿ ಬಡಿಯುತ್ತದೆ, 18 ಕಳಿಸಿದರೆ ಮೊದಲಿನಂತಾಗುತ್ತದೆ. 80 ಅಕ್ಷರದ ಕಾಗದದಲ್ಲಿ ಅದಕ್ಕಿಂತ ಬಹಳ ಉದ್ದದ ಸಾಲು ಹಿಡಿಸುತ್ತಿದ್ದದ್ದು ಹೀಗೆ. ಇಂದಿನ ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಈ ಭಾಷೆಯೇ ಗೊತ್ತಿಲ್ಲ, ಅವು ವಿಂಡೋಸ್ ಬಿಡಿಸಿಕೊಟ್ಟ ಚಿತ್ರವನ್ನಷ್ಟೇ ಅಚ್ಚು ಹಾಕುತ್ತವೆ. ಆದ್ದರಿಂದ ಹಳೇ ಟಿವಿಎಸ್ ಅಥವಾ ಎಪ್ಸನ್ ಡಾಟ್ ಮ್ಯಾಟ್ರಿಕ್ಸ್ ಇದ್ದವರು ಅದನ್ನು ಗುಜರಿಗೆ ಹಾಕಬಾರದು. ಅದನ್ನು ನೆಟ್‌ವರ್ಕಿನಲ್ಲಿ ಹಂಚಿ, ಎಲ್‌ಪಿಟಿ1 ಎಂದರೆ ಈ ಪ್ರಿಂಟರು ಎಂದು ನೆಟ್ ಯೂಸ್ ಆಜ್ಞೆಯಲ್ಲಿ ಹೇಳಿದರೆ 32 ಬಿಟ್ ವಿಂಡೋಸ್ ಕೇಳುತ್ತದೆ. ವಿಡಾಸ್‌ನಲ್ಲಿ ಅದಕ್ಕೂ ಬೇರೆ ಏರ್ಪಾಡಿದೆ, ಅದು ಒತ್ತಕ್ಷರದ ಸಂಕೇತವನ್ನು ಅರ್ಥ ಮಾಡಿಕೊಂಡು ಲೇಸರಿಗೂ ಕಳಿಸಬಲ್ಲದು.

ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಲೆಕ್ಕದ ಮಾತು. ನನ್ನನ್ನು ನಿಜವಾಗಿ ಕಾಡುವುದು ಕನ್ನಡದಲ್ಲಿ ಬರೆದಿಟ್ಟದ್ದು. ಅಂಕಿಗಳು ಯಾವ ಮಿಷಿನ್ನಿಗೆ ಹೋದರೂ ಅಂಕಿಗಳೇ. ಕನ್ನಡ ಅಕ್ಷರ ಹಾಗಲ್ಲ.

ಡಾಸ್ ಕಾಲದಲ್ಲಿ ಕನ್ನಡ ಮೂಡಿಸಿದ ಒಂದು ಮುಖ್ಯ ದಾರಿ ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ತಂತ್ರದಲ್ಲಿ, ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಸಿಕ್ಕಿಸಿದರೆ ಡಿಬೇಸ್, ಲೋಟಸ್‌ನಂಥ ಇಂಗ್ಲಿಷ್ ಪ್ರೋಗ್ರಾಂಗಳೂ ಭಾರತೀಯ ಲಿಪಿ ತೋರಿಸುತ್ತಿದ್ದವು. ಅಕ್ಷರ ಬಿಡಿಸುವ ಕೆಲಸ ಕಾರ್ಡಿನದು. ಫೈಲಿನಲ್ಲಿ ಉಳಿಯುತ್ತಿದ್ದುದು ಸಂಕೇತದ ಸಂಖ್ಯೆ ಮಾತ್ರ. ಆ ಸಂಖ್ಯೆಗಳ ಪಟ್ಟಿಗೆ ಇಸ್ಕಿ ಎಂದು ಹೆಸರು, 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ‘ಕ’ ಅಂದರೆ 179. ಕನ್ನಡಕ್ಕೂ ಹಿಂದಿಗೂ ತೆಲುಗಿಗೂ ಅದೇ 179. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ನೋಡುವವರ ಆಯ್ಕೆ. ಅತ್ತ ಡಾಸಿನ ಸ್ವಂತ ಪಟ್ಟಿಯಲ್ಲಿ 179 ಎಂದರೆ ಚೌಕ ಬರೆಯುವ ಲಂಬ ಗೆರೆ. ಈ ತಿಕ್ಕಾಟ ತಪ್ಪಿಸಲೆಂದು ಗೆರೆಗಳ ಜಾಗ ಬಿಟ್ಟು ಅಕ್ಷರಗಳನ್ನು ಸರಿಸಿದ ಪಿಸಿ-ಇಸ್ಕಿ ಎಂಬ ಮತ್ತೊಂದು ಪಟ್ಟಿಯೂ ಬಂತು. ಈಗ ಅಂಥ ಫೈಲನ್ನು ಡಾಸ್‌ಬಾಕ್ಸಿನಲ್ಲಿ ತೆರೆದರೆ ಪ್ರೋಗ್ರಾಂ ಸೊಗಸಾಗಿ ಓಡುತ್ತದೆ, ಮೊತ್ತ ಸರಿಯಾಗಿರುತ್ತದೆ, ಹೆಸರಿರಬೇಕಾದ ಜಾಗದಲ್ಲಿ ಮಾತ್ರ ಗೆರೆ, ಚೌಕ, ಗ್ರೀಕ್ ಅಕ್ಷರಗಳ ರಾಶಿ. ಡಾಸ್‌ಬಾಕ್ಸ್ ನಟಿಸುವುದು ಸಾಮಾನ್ಯ ವಿಜಿಎ ಕಾರ್ಡನ್ನು. ಕನ್ನಡ ಬಲ್ಲ ಕಾರ್ಡು ಅದರಲ್ಲಿಲ್ಲ.

ವಿಂಡೋಸ್ ಬಂದ ಮೇಲೆ ತೊಡಕು ಇನ್ನೊಂದು ವೇಷ ತೊಟ್ಟಿತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರು ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಮಾಡಿದ ‘ಸೇಡಿಯಾಪು’ ತಂತ್ರಾಂಶದ ಕೀಲಿಮಣೆ ವಿನ್ಯಾಸವೇ ನುಡಿಯ ಕೀಲಿಮಣೆಗೆ ತಳಹದಿಯಾಯಿತು. ಈ ಮೂವರಿಗೂ ಕನ್ನಡ ಬರೆಯುವ ನಾವೆಲ್ಲ ಋಣಿಗಳು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಚೂರುಗಳು ಕೂತದ್ದು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ. ನುಡಿಯಲ್ಲಿ ‘ಕನ್ನಡ’ ಎಂದು ಬರೆದಿಟ್ಟು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಗುರುತು, ಕ್ಯೂ ಮತ್ತು ತಲೆಯ ಮೇಲೆ ಗೀಟಿರುವ ಎ ಅಕ್ಷರಗಳು ಕಾಣುತ್ತವೆ. ಅಕ್ಷರ ಹೋಗಿಲ್ಲ, ಅದರ ಕೀಲಿ ಬೇರೆ ಕಡೆ ಇದೆ.

ಮೊದಲು ಹೇಳಿದ ಈ ನಾಲ್ಕು ತಾಲ್ಲೂಕುಗಳಿಗೆ ಕಳೆದುಹೋದ ಅಕ್ಷರ ಓದುವುದು ಹೊಸ ಕೆಲಸವಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು 1890ರ ದಶಕದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳದ್ದು, ನಾಗಮಂಗಲ ಏಳನೆಯದರಲ್ಲಿದೆ. ಹೊಯ್ಸಳರ ಕಾಲದ ಕಲ್ಲನ್ನು ಓದಲು ಆ ಲಿಪಿಯ ತಿರುವು ಬಲ್ಲ ಕಣ್ಣು ಬೇಕು, ಮತ್ತೇನೂ ಬೇಡ. ಇಪ್ಪತ್ತೈದು ವರ್ಷದ ಡಿಬಿಎಫ್ ಫೈಲಿಗೂ ಅಂಥದೇ ಕಣ್ಣು ಬೇಕು, ಆದರೆ ಕಲ್ಲಿನ ಹಾಗೆ ಅದು ಬಯಲಲ್ಲಿ ನಿಂತು ಕಾಯುವುದಿಲ್ಲ. ಹಾರ್ಡ್‌ಡಿಸ್ಕು ಒಂದು ದಿನ ತಿರುಗುವುದನ್ನು ನಿಲ್ಲಿಸುತ್ತದೆ.

ಸರ್ಕಾರದ ಕಡೆ ಒಂದು ದೊಡ್ಡ ದಾಟುವಿಕೆ ಯಶಸ್ವಿಯಾದದ್ದು ನಮ್ಮ ಮಂಡ್ಯ ಜಿಲ್ಲೆಯ ಕಣ್ಣೆದುರೇ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದ ಭೂಮಿ ಯೋಜನೆಯ ಮೊದಲ ಪ್ರಯೋಗ ನಡೆದದ್ದು ಮದ್ದೂರು ತಾಲ್ಲೂಕಿನಲ್ಲಿ. ಬಳಿಕ ಅದು ರಾಜ್ಯಕ್ಕೆಲ್ಲ ಹಬ್ಬಿ, ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ವಿವರ ಕಂಪ್ಯೂಟರಿಗೆ ಇಳಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಅದರಲ್ಲಿ ಕನ್ನಡ ಮೂಡಿಸಿದ್ದು ಸಿ-ಡ್ಯಾಕ್‌ನ ತಂತ್ರವೇ. ಮುಂದೆ ವ್ಯವಸ್ಥೆಗಳು ಬದಲಾದರೂ ಪಹಣಿಯಲ್ಲಿನ ಹೆಸರು ಅಳಿಯಲಿಲ್ಲ. ಹಿಂದೆ ಒಂದು ಇಲಾಖೆ ನಿಂತಿತ್ತು, ಸಂಕೇತದ ಪಟ್ಟಿ ಬಲ್ಲವರು ಸಂಬಳದ ಮೇಲಿದ್ದರು. ಚೀಟಿ ನಡೆಸುವವರ ಡಿಸ್ಕಿನ ಹಿಂದೆ ಯಾರೂ ನಿಂತಿಲ್ಲ.

ಹಳೆಯದೆಲ್ಲ ಉಳಿಯಲಿ ಎನ್ನುವವನೂ ನಾನಲ್ಲ. ನಮ್ಮ ಪಿಯು ಕಾಲೇಜುಗಳ ಲ್ಯಾಬುಗಳಲ್ಲಿ ಮಕ್ಕಳು ಬಹುಕಾಲ ಸಿ ಪ್ಲಸ್ ಪ್ಲಸ್ ಕಲಿತದ್ದು ಬೋರ್ಲಂಡ್ ಕಂಪನಿಯ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯಲ್ಲಿ, ವಿಂಡೋಸ್ 7, 10ರ ಮೇಲೆ ಡಾಸ್‌ಬಾಕ್ಸ್ ಹೊದಿಸಿಕೊಂಡು. ಆ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಟರ್ಬೊ ಅದಕ್ಕೂ ಹಿಂದಿನದು. ಅಲ್ಲಿ ಬಾಯಿಪಾಠವಾದ ಐಓಸ್ಟ್ರೀಮ್ ಡಾಟ್ ಎಚ್, ಕೊನಿಯೊ, ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್ ಆಜ್ಞೆ ಹೊರಗಿನ ಕಂಪೈಲರಿನಲ್ಲಿ ನಡೆಯುವುದಿಲ್ಲ. ನಾಗಮಂಗಲದ ಹುಡುಗಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಮೊದಲ ವಾರವೇ ತಾನು ಕಲಿತದ್ದನ್ನು ಮರೆಯಬೇಕಾಗುತ್ತಿದ್ದದ್ದು ಅನ್ಯಾಯ. ಅಲ್ಲಿ ಉಳಿಸಿಕೊಳ್ಳಬೇಕಾದ ಮಾಹಿತಿ ಏನೂ ಇರಲಿಲ್ಲ. ಬರಿಯ ರೂಢಿ ಇತ್ತು. ಪುಕ್ಕಟೆ ಸಿಗುವ ಹೊಸ ಕಂಪೈಲರ್ ಹಾಕಿದ್ದರೆ ಆಗುತ್ತಿತ್ತು.

ಲೆಕ್ಕದ ಪ್ರೋಗ್ರಾಂ ಉಳಿಸಬೇಕಾದದ್ದು ಅದರೊಳಗಿನ ಮಾಹಿತಿಗಾಗಿ. ಆದ್ದರಿಂದ ನಾನು ಕೇಳಿದವರಿಗೆಲ್ಲ ಹೇಳುವುದು: ಮೊದಲು ಓಡಿಸಿ, ಓಡುತ್ತಿರುವಾಗಲೇ ಹೊರತೆಗೆಯಿರಿ. ಬರಿಯ ಡಿಬಿಎಫ್ ಸಾಲದು. ಉದ್ದದ ಟಿಪ್ಪಣಿಗಳು ಡಿಬಿಟಿ ಅಥವಾ ಎಫ್‌ಪಿಟಿ ಎಂಬ ಜೊತೆ ಫೈಲಿನಲ್ಲಿರುತ್ತವೆ, ಅದು ಕಳೆದರೆ ಮೂಲ ಫೈಲು ತೆರೆಯಲೂ ತಕರಾರು ಮಾಡುತ್ತದೆ. ಎನ್‌ಟಿಎಕ್ಸ್, ಸಿಡಿಎಕ್ಸ್ ಎಂಬ ಸೂಚಿಗಳು ಹೋದರೆ ಮತ್ತೆ ಕಟ್ಟಿಕೊಳ್ಳಬಹುದು. ಹಾಗಾಗಿ ಆರಿಸಲು ಹೋಗದೆ ಇಡೀ ಫೋಲ್ಡರನ್ನು ಎತ್ತಿಡಬೇಕು. ಡಿಬಿಎಫ್ ಅನ್ನು ಲಿಬ್ರೆಆಫೀಸ್ ಇಂದಿಗೂ ನೇರವಾಗಿ ತೆರೆಯುತ್ತದೆ. ಅಂಕಿಗಳು ಅಲ್ಲೇ ಸಿಕ್ಕಿಬಿಡುತ್ತವೆ. ಕನ್ನಡದ ಹೆಸರುಗಳಿದ್ದರೆ ಹಳೇ ಮಿಷಿನ್ನಿನ ಪರದೆಯಲ್ಲಿ ಅದು ಸರಿಯಾಗಿ ಕಾಣುತ್ತಿರುವಾಗಲೇ ಒಂದೆರಡು ಪುಟದ ಫೋಟೊ ತೆಗೆದಿಡಬೇಕು. ಆ ಫೋಟೊ ಮತ್ತು ಫೈಲಿನ ಸಂಖ್ಯೆ ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಯಾವ ಪಟ್ಟಿಯಲ್ಲಿ ಬರೆದದ್ದೆಂದು ಗುರುತಿಸಿ ಇಂದಿನ ಯೂನಿಕೋಡ್ ಪಟ್ಟಿಗೆ ತರುವುದು ಕಷ್ಟವಲ್ಲ. ಯೂನಿಕೋಡಿನ ಕನ್ನಡ ಪಟ್ಟಿ ಜೋಡಿಸಿದ್ದೂ ಇಸ್ಕಿಯ ಕ್ರಮ ನೋಡಿಕೊಂಡೇ.

ಇದು ಅಂಗಡಿಗಳ ಮಾತಷ್ಟೇ ಅಲ್ಲ, ಸಹಕಾರ ಸಂಘಗಳದ್ದೂ ಹೌದು. ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂಥ ಬದಲಾವಣೆಯಲ್ಲಿ ಹೊಸ ವ್ಯವಸ್ಥೆಗೆ ಸುಲಭವಾಗಿ ಹೋಗುವುದು ಸದಸ್ಯನ ಇವತ್ತಿನ ಬಾಕಿ. ಆ ಬಾಕಿ ಯಾವ ಬರದ ವರ್ಷ ಹುಟ್ಟಿತು, ಯಾವ ಸುಗ್ಗಿಯಲ್ಲಿ ಅರ್ಧ ತೀರಿತು ಎಂಬುದು ಹಳೇ ಪುಸ್ತಕದಲ್ಲೋ ಹಳೇ ಡಿಸ್ಕಿನಲ್ಲೋ ಹಿಂದೆ ಉಳಿಯುತ್ತದೆ. ಡಿಸ್ಕಿನಲ್ಲಿ ಉಳಿದದ್ದನ್ನು ಬಿಡಿಸಲು ಅಂಕಣಗಳ ಅರ್ಥ ಗೊತ್ತಿರಬೇಕು. ಡಿಬಿಎಫ್‌ನಲ್ಲಿ ಅಂಕಣದ ಹೆಸರಿಗೆ ಹತ್ತೇ ಅಕ್ಷರ, ಬರೆದವರು ಅದನ್ನೂ ಉಳಿಸಿ ಎರಡು ಮೂರು ಅಕ್ಷರದಲ್ಲಿ ಮುಗಿಸಿರುತ್ತಾರೆ. ಅಂಥವರಲ್ಲಿ ಕೆಲವರು ಮಂಡ್ಯ, ಮೈಸೂರುಗಳಲ್ಲಿ ಇನ್ನೂ ಫೋನಿಗೆ ಸಿಗುತ್ತಾರೆ. ‘ಬಿಎಲ್2’ ಎಂದು ಬರೆದದ್ದು ಹಿಂದಿನ ಬಾಕಿಯೋ ಬಡ್ಡಿಯ ಬಾಕಿಯೋ ಎಂದು ಕೇಳಿದರೆ ಅವರಿಗೆ ಇವತ್ತಿಗೂ ಥಟ್ಟನೆ ನೆನಪಾಗುತ್ತದೆ.